ಅತ್ತೆಯ ಅಡಕತ್ತರಿ ವಿಮಾನ ಹತ್ತಿದ್ದು

“ಈ ಅಜ್ಜಿ ನಿಮ್ಮವರಾ?” ಅಂತ ಸೆಕ್ಯುರಿಟಿಯ ಹುಡುಗಿ ಹಿಂದಿಯಲ್ಲಿ ಕೇಳಿದಾಗ, ಒಂದು ಕ್ಷಣ ಇಲ್ಲ ಅಂದುಬಿಡೋಣ ಅನ್ನಿಸಿತು. (ಸೊಸೆಯಂದಿರಿಗೆ ಅರ್ಥವಾಗುತ್ತದೆ.)

ಕಳೆದ ವಾರದ ಮಾತು. ಪುಣೆಯಲ್ಲಿರುವ ಮಗಳಿಗೆ ಡಾಕ್ಟರು ಓಡಾಟ ಬೇಡ ಅಂದಿದ್ದರಿಂದ ಹೆರಿಗೆ ಅಲ್ಲೇ ಆಯಿತು. ಬಾಣಂತನಕ್ಕೆ ನಾನು ಹೊರಟೆ. ಮರಿಮಗಳನ್ನು ನೋಡಲು ಉದ್ದನಪಲ್ಲಿಯಿಂದ ನಮ್ಮತ್ತೆಯೂ ಬಂದರು. ಅವರಿಗೆ ಇದೇ ಮೊದಲ ವಿಮಾನ.

ನಮ್ಮೂರು ಮತ್ತಿಗಿರಿ ಬಿಟ್ಟು, ತಮಿಳುನಾಡು ಗಡಿಯ ಜೂಜುವಾಡಿಯಲ್ಲಿ ಲಾರಿಗಳ ನಡುವೆ ನುಸುಳಿ, ಇಡೀ ಬೆಂಗಳೂರು ದಾಟಿ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ನಾವು ಅರ್ಧ ಸುಸ್ತು. ಮಿಕ್ಕರ್ಧಕ್ಕೆ ಸೆಕ್ಯುರಿಟಿ ಚೆಕ್ ಇದ್ದೇ ಇತ್ತಲ್ಲ!

ಅತ್ತೆಯ ಕೈಚೀಲವನ್ನು ಮೆಷಿನ್ನು ಪಕ್ಕಕ್ಕೆ ತಳ್ಳಿತು. ಒಳಗೆ ಎಲೆಅಡಿಕೆ ಸಂಚಿ. ಸಂಚಿಯೊಳಗೆ ಅಡಕತ್ತರಿ.

“ಇದು ಯಾಕೆ?” ಅಂದಳು ಹುಡುಗಿ.

ಅತ್ತೆ ಕನ್ನಡದಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು, ತಮಿಳಿನಲ್ಲೂ ಹೇಳಿದರು. ಕೊನೆಗೆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕಲಿತ ನನ್ನ ಹಿಂದಿಯೇ ಗತಿಯಾಯಿತು. ಕೂಸಿನ ದಿಂಬಿನಡಿ ಕಬ್ಬಿಣ ಇಟ್ಟರೆ ಕೆಟ್ಟ ಗಾಳಿ ಸೋಕುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ನಮ್ಮನೆಯಲ್ಲಿ ಆ ಕೆಲಸ ಈ ಅಡಕತ್ತರಿಯದು.

ಹುಡುಗಿ ಮೂಲೆಯ ಡಬ್ಬ ತೋರಿಸಿದಳು. ಅದರ ತುಂಬ ಜನ ಬಿಟ್ಟುಹೋದ ಕತ್ತರಿ, ಚಾಕು, ಲೈಟರು.

“ಬಿಡಿ ಅತ್ತೆ, ಪುಣೇಲಿ ಹೊಸದು ತಗೊಳ್ಳೋಣ” ಅಂದೆ.

“ನಿನ್ ಗಂಡನ ದಿಂಬಿನಡೀಲಿದ್ದಿದ್ದೂ ಇದೇ, ನಿನ್ ಮಗಳಿಗಿಟ್ಟಿದ್ದೂ ಇದೇ ಕಣಮ್ಮಿ. ನೀನ್ ಇಮಾನ್ದಾಗೆ ಹೋಗು. ನಾನ್ ಇದ್ನ ಇಟ್ಕೊಂಡು ಬಸ್ನಾಗೆ ಬತ್ತೀನಿ.”

ಹಟ ಅಂದುಕೊಂಡೆ. ಆದರೆ ಅವರ ಕಣ್ಣು ತುಂಬಿದ್ದು ನೋಡಿ ನನಗೇ ನಾಚಿಕೆಯಾಯಿತು. ಸರಿ, ವಾಪಸ್ ಹೊರಗೆ. ಕೌಂಟರಿನಲ್ಲಿ ಕಾಡಿ ಬೇಡಿ ಚೀಲವನ್ನು ಲಗೇಜಿಗೆ ಹಾಕಿಸಿದ್ದಾಯಿತು. ಮತ್ತೆ ಅದೇ ಹನುಮಂತನ ಬಾಲದಂಥ ಕ್ಯೂ.

ಕ್ಯೂನಲ್ಲಿ ನಿಂತವರಿಗೆ ಯೋಚನೆ ಬಿಟ್ಟರೆ ಬೇರೇನು ಕೆಲಸ? ಎಲ್ಲೋ ಯಾರೋ ನಾಲ್ಕು ಜನ ಬಾಂಬು ಕಟ್ಟಿಕೊಂಡು ಓಡಾಡಿದ್ದಕ್ಕೆ ಎಪ್ಪತ್ತಾರು ವರ್ಷದ ಮುದುಕಿ ಕೈ ಎತ್ತಿ ನಿಲ್ಲಬೇಕು. ಟಿಕೆಟ್ಟಿನಲ್ಲಿ ಭದ್ರತಾ ಶುಲ್ಕ ಅಂತ ಒಂದು ಸಾಲಿರುತ್ತದೆ, ನೋಡಿದ್ದೀರಾ? ನಮ್ಮನ್ನು ಅನುಮಾನಿಸಲು ನಾವೇ ಕೊಡುವ ಕೂಲಿ! (ಹಾಗಂತ ಈ ತಪಾಸಣೆ ಇಲ್ಲದ ವಿಮಾನ ಹತ್ತುತ್ತೀಯಾ ಅಂದರೆ, ನಾನಂತೂ ಹತ್ತೋಲ್ಲ.)

ಎರಡನೇ ಸಲವೂ ಅದೇ ಹುಡುಗಿ. ಅತ್ತೆಯ ಬಳೆಗೆ ಅವಳ ಕೈಯ ಮೆಷಿನ್ನು ಮತ್ತೆ ಕುಂಯ್ ಅಂದಿತು.

“ದಿನಾ ಇಷ್ಟ್ ಜನಾನ ತಡವ್ತೀಯಲ್ಲವ್ವ, ಕೈ ನೋಯಕಿಲ್ವಾ?” ಅಂದರು ಅತ್ತೆ. ನಾನು ಹಿಂದಿಗೆ ತಿರುಗಿಸಿ ಹೇಳಿದೆ.

ಹುಡುಗಿ ಮೊದಲ ಸಲ ನಕ್ಕಳು. ತನಗೂ ಎಂಟು ತಿಂಗಳ ಮಗುವಿದೆ, ಊರಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೇನೆ ಅಂದಳು. ಆಮೇಲೆ ದನಿ ತಗ್ಗಿಸಿ, “ನಮ್ಮ ಕಡೆ ದಿಂಬಿನ ಕೆಳಗೆ ಚಾಕು ಇಡ್ತೀವಿ” ಅಂದಳು. ಅತ್ತೆ ಅವಳ ಕೆನ್ನೆ ಸವರಿ ನೆಟಿಗೆ ಮುರಿದರು.

ವಿಮಾನ ಸಿಕ್ಕಿತು. ಚೀಲವೂ ಬಂತು. ಆ ರಾತ್ರಿ ದಿಂಬಿನಡಿ ಅಡಕತ್ತರಿ ಇಟ್ಟುಕೊಂಡು ಕೂಸು ಹಾಯಾಗಿ ಮಲಗಿತು. ಅತ್ತೆ ಅದಕ್ಕಿಂತ ಹಾಯಾಗಿ ಮಲಗಿದರು.

ನನಗೆ ಮಾತ್ರ ಆ ಹುಡುಗಿಯದೇ ನೆನಪು. ದಿನವಿಡೀ ಊರವರ ಚೀಲದಿಂದ ಚಾಕು ಎತ್ತಿ ನಮ್ಮನ್ನು ಕಾಯುವವಳು, ತನ್ನ ಮಗುವನ್ನು ಕಾಯಲು ಚಾಕುವನ್ನೇ ನಂಬಿದ್ದಾಳೆ. ಅವಳ ಡಬ್ಬಕ್ಕೆ ನಮ್ಮ ಅಡಕತ್ತರಿ ಬಿದ್ದಿದ್ದರೆ, ಆ ದಿನ ನಿದ್ದೆ ಬರದೇ ಇರುತ್ತಿದ್ದುದು ಅತ್ತೆಗೊಬ್ಬರಿಗೇನಾ?