ಮೆಂತ್ಯದ ಡಬ್ಬಿಯಲ್ಲಿ ಎರಡು ಬ್ಯಾಟರಿ

ಬ್ಯಾಟರಿಗಳನ್ನು ಡಬ್ಬಿಗೆ ಹಾಕಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆ ಶನಿವಾರವನ್ನು ಎಷ್ಟು ಸಲ ನೆನೆದರೂ ಮನಸ್ಸು ಈ ಒಂದು ಮಾತನ್ನು ದಾಟಿಕೊಂಡು ಮುಂದೆ ಹೋಗಲು ನೋಡುತ್ತದೆ.

ನನ್ನ ಗಂಡ ಸಿಗರೇಟು ಬಿಟ್ಟು ಆಗ ಒಂದೂವರೆ ವರ್ಷವಾಗಿತ್ತು. ನೆದರ್ಲೆಂಡ್ಸಿನ ಹೂಫ್‌ಡಾರ್ಪಿನಲ್ಲಿ ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ಅದಕ್ಕೂ ಹಿಂದೆ ಒಮ್ಮೆ ಲಿಫ್ಟ್ ಕೆಟ್ಟಿದ್ದ ವಾರ, ಮೂವತ್ತೆಂಟರ ಮನುಷ್ಯ ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು, ಫೋನ್ ನೋಡುವವನಂತೆ ನಟಿಸುತ್ತ ನಿಂತಿದ್ದನ್ನು ನಾನು ಮೇಲಿನಿಂದ ಕಂಡಿದ್ದೆ. ಆಮೇಲೆ ಡಾಕ್ಟರು ಒಂದು ಕೊಳವೆಯೊಳಗೆ ಊದಿಸಿ ಪರದೆಯ ಮೇಲೆ ಗೆರೆ ತೋರಿಸಿದರು. ಹೀಗೇ ಸೇದುತ್ತಿದ್ದರೆ ಆ ಗೆರೆ ಇನ್ನು ಮೇಲೇಳುವುದಿಲ್ಲ ಎಂದರು. ಅಂದಿನಿಂದ ನನಗೆ ಇದ್ದದ್ದು ಒಂದೇ ಭಯ, ಇವನು ಮತ್ತೆ ಸಿಗರೇಟಿಗೆ ಮರಳಿಬಿಟ್ಟರೆ ಎಂದು. ಬದಲಿಗೆ ಅವನು ಹಿಡಿದದ್ದು ವೇಪ್, ಬ್ಯಾಟರಿಯ ಶಾಖದಲ್ಲಿ ದ್ರಾವಣವನ್ನು ಆವಿ ಮಾಡಿ ಎಳೆಯುವ ಸಾಧನ. ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಡಾಕ್ಟರೂ ಹೇಳಲಿಲ್ಲ. ಆದರೆ ಅದು ಕೈಗೆ ಬಂದ ಮೇಲೆ ಸಿಗರೇಟು ಹೋಗಿತ್ತು, ಮತ್ತು ಅವನು ಮೆಟ್ಟಿಲು ಹತ್ತುತ್ತಿದ್ದ.

ಮೊದಲ ತಿಂಗಳುಗಳಲ್ಲಿ ಎಲ್ಲವೂ ಆನ್‌ಲೈನ್‌ನಲ್ಲೇ ಬರುತ್ತಿತ್ತು: ಮಾವಿನಹಣ್ಣಿನ ರುಚಿಯ ದ್ರಾವಣ, ಅದನ್ನು ಕಾಯಿಸುವ ಪುಟ್ಟ ಕಾಯಿಲ್, ಹತ್ತಿ. ನಾವಿಬ್ಬರೂ ಕೆಲಸಕ್ಕೆ ಹೋಗಿರುತ್ತಿದ್ದೆವು. ಇಲ್ಲಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸಲ್ ಪಕ್ಕದ ಮನೆಗೆ ಹೋಗುತ್ತದೆ. ನಮ್ಮ ಪಕ್ಕದಲ್ಲಿರುವುದು ಒಬ್ಬ ವಯಸ್ಸಾದ ಡಚ್ ಹೆಂಗಸು. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಹೊಗೆಸೊಪ್ಪನ್ನು ಕಾಗದದಲ್ಲಿ ಸುತ್ತಿ ಸೇದುತ್ತ ಕೂತಿರುತ್ತಾರೆ. “ತಗೋ, ನಿನ್ನ ಗಂಡನ ಮಾವಿನತೋಟ ಬಂದಿದೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಪಾರ್ಸಲ್ ಕೊಡುತ್ತಿದ್ದರು. ಆ ಕುರ್ಚಿಯ ಮುಂದೆ ದಿನಕ್ಕೆ ಎರಡು ಸಲ ನನ್ನ ಗಂಡ ಹಾದುಹೋಗಬೇಕಲ್ಲ ಎನ್ನುವುದೇ ನನ್ನ ಚಿಂತೆಯಾಗಿತ್ತು.

ನಂತರ ಹೊಸ ಕಾನೂನು ಬಂದು ದೇಶದಲ್ಲಿ ವೇಪ್ ಸಾಮಾನಿನ ಆನ್‌ಲೈನ್ ಮಾರಾಟ ನಿಂತಿತು. ಅದಾದ ಮೇಲೆ ಅಂಗಡಿಯಲ್ಲಿಯೂ ಹಣ್ಣಿನ ರುಚಿಗಳು ಹೋದವು. ಉಳಿದದ್ದು ಹೊಗೆಸೊಪ್ಪಿನ ರುಚಿಯೊಂದೇ. ಅದನ್ನು ಮೊದಲ ಸಲ ಎಳೆದಾಗ ಅವನ ಮುಖ ಬದಲಾದದ್ದನ್ನು ನೋಡಿದೆ.

“ಏನಾಯ್ತು?”

“ಏನಿಲ್ಲ. ಕಾಲೇಜ್ ಹಿಂದಿನ ಟೀ ಅಂಗಡಿ ಜ್ಞಾಪಕ ಬಂತು. ಇದು ಬಿಡಿಸೋಕೆ ಮಾಡಿರೋದಾ, ಹಿಡಿಸೋಕೆ ಮಾಡಿರೋದಾ?”

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಮಾವಿನ ಎರಡು ಸೀಸೆ ಉಳಿದಿದ್ದವು. ಅವನ್ನು ಔಷಧಿಯಂತೆ ಹನಿ ಲೆಕ್ಕದಲ್ಲಿ ಬೆರೆಸಿಕೊಂಡು ಕಾಲ ತಳ್ಳುತ್ತಿದ್ದ.

ಭಾನುವಾರ ಬೆಳಿಗ್ಗೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ವೇಪನ್ನು ಬಿಚ್ಚುವುದು ರೂಢಿಯಾಗಿತ್ತು. ಕಾಯಿಲ್ ಬದಲಿಸಿ, ಹತ್ತಿಗೆ ದ್ರಾವಣ ಕುಡಿಸಿ, ಹತ್ತು ನಿಮಿಷ ಬಿಡಬೇಕು. ಬೇಗ ಎಳೆದರೆ ಹತ್ತಿ ಸುಟ್ಟು ಗಂಟಲು ಕೆರೆಯುತ್ತದೆ. ಅವನಿಗೆ ತಾಳ್ಮೆ ಇಲ್ಲ, ಹಾಗಾಗಿ ಗಡಿಯಾರ ನೋಡುವವಳು ನಾನು. “ಡಿಕಾಕ್ಷನ್ ಇಳಿಯೋಕೆ ಕಾಯ್ತೀಯಲ್ಲ, ಇದಕ್ಕೂ ಕಾಯಿ,” ಎನ್ನುತ್ತಿದ್ದೆ.

ಅಂಥ ಒಂದು ಭಾನುವಾರ ಬ್ಯಾಟರಿಗಳ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿರುವುದು ಕಂಡಿತು. ಬೆರಳುದ್ದದ ಎರಡು ಬ್ಯಾಟರಿ. ಎರಡರ ಮೇಲ್ತುದಿಯಲ್ಲೂ ಉಗುರಿನಷ್ಟು ಲೋಹ ಇಣುಕುತ್ತಿತ್ತು. ಟಾರ್ಚಿಗೂ ಅವೇ ಬ್ಯಾಟರಿ ಬೇಕಾದ್ದರಿಂದ ಆನ್‌ಲೈನ್‌ನಲ್ಲಿ ಇನ್ನೂ ಸಿಗುತ್ತಿದ್ದವು. ಹೊಸವನ್ನು ತರಿಸಿದೆವು. ಅವು ಬಂದದ್ದು ಮಂಗಳವಾರ, ಎಂದಿನಂತೆ ಪಕ್ಕದ ಮನೆಗೆ. ಬ್ಯಾಟರಿ ಇಡುವ ಪ್ಲಾಸ್ಟಿಕ್ ಪೆಟ್ಟಿಗೆ ಇದ್ದದ್ದು ಒಂದೇ. ಅದರೊಳಕ್ಕೆ ಹೊಸವು ಹೋದವು. ಹಳೆಯವನ್ನು ಶನಿವಾರ ಸೂಪರ್‌ಮಾರ್ಕೆಟ್ಟಿನ ಬ್ಯಾಟರಿ ತೊಟ್ಟಿಗೆ ಹಾಕುವುದೆಂದು ಮಾತಾಯಿತು.

ಅಲ್ಲಿಯವರೆಗೆ ಅವನ್ನು ಎಲ್ಲಿಡುವುದು? ಮೆಂತ್ಯ ಖಾಲಿಯಾಗಿ ತೊಳೆದಿಟ್ಟ ಸ್ಟೀಲ್ ಡಬ್ಬಿ ಇತ್ತು. ನಮ್ಮ ಮನೆಗಳಲ್ಲಿ ಉಳಿಯಬೇಕಾದದ್ದೆಲ್ಲ ಸ್ಟೀಲಿಗೆ ಹೋಗುತ್ತದೆ. ಅಕ್ಕಿ, ಹುಳಿಪುಡಿ, ಬಟನ್ನು, ಗುಂಡುಸೂಜಿ, ಒಮ್ಮೆ ನನ್ನ ಓಲೆ ಕೂಡ. ಪ್ಲಾಸ್ಟಿಕ್ ಕರಗುತ್ತದೆ, ಸ್ಟೀಲು ಕರಗುವುದಿಲ್ಲ. ಬೆಂಕಿಯ ಭಯವಿದ್ದರೆ ಸ್ಟೀಲೇ ಸರಿ ಎಂದು ಯೋಚಿಸಿಯೇ ಹಾಕಿದೆ. ಮರೆವಿನಿಂದ ಆದ ತಪ್ಪಲ್ಲ ಅದು. ಜಾಗ್ರತೆಯಿಂದ ಮಾಡಿದ್ದು.

ಶನಿವಾರ ಹನ್ನೊಂದು ಗಂಟೆ. ಅಂಗಡಿಗೆ ಹೊರಡಲು ಡಬ್ಬಿಯನ್ನು ಶೆಲ್ಫಿನಿಂದ ಇಳಿಸಿದೆ. ಇಳಿಸಿದವಳು ಅದನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ. ಡಬ್ಬಿ ಕೈಗೆ ಬಂದರೆ ಒಳಗೆ ಎಷ್ಟಿದೆ ಎಂದು ಅಲ್ಲಾಡಿಸಿ ತಿಳಿಯುವ ಅಭ್ಯಾಸ. ಬ್ಯಾಟರಿಗಳು ಉರುಳಿದ ಸದ್ದು ಕೇಳಿತು. ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಚೀಲ ಹುಡುಕಲು ಹೋದೆ. ಎರಡು ನಿಮಿಷ, ಹೆಚ್ಚೆಂದರೆ ಮೂರು.

ಮೊದಲು ಬಂದದ್ದು ವಾಸನೆ, ಉಗುರುಬಣ್ಣದಂತೆ ಸಿಹಿ. ಆಮೇಲೆ ಕುಕ್ಕರ್ ಕೂಗುವ ಮುಂಚಿನ ಬುಸುಗುಟ್ಟುವಿಕೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ನಾನು ಖಾಲಿ ಒಲೆಯನ್ನೇ ನೋಡುತ್ತ ನಿಂತಿದ್ದೆ.

“ದೂರ ಹೋಗೇ!” ಎನ್ನುತ್ತ ಅವನು ಒಳಗಿನಿಂದ ಬಂದು ಡಬ್ಬಿಯನ್ನು ಬರಿಗೈಯಲ್ಲೇ ಎತ್ತಿದ. ಬಾಲ್ಕನಿಯ ಬಾಗಿಲು ತೆರೆದಿತ್ತು. ಎಸೆದ. ಬಾಲ್ಕನಿಯ ನೆಲಕ್ಕೆ ಬೀಳುತ್ತಲೇ ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಗೇಣುದ್ದ ಬೆಂಕಿ, ಬಿಳಿ ಹೊಗೆ, ಮತ್ತೆ ಒಂದು ಸಿಡಿತ. ಇಷ್ಟೆಲ್ಲ ಅರ್ಧ ನಿಮಿಷವೂ ಇರಲಿಲ್ಲ. ಕಾಂಕ್ರೀಟಿನ ಮೇಲೆ ಆದ ಕಂದು ಗುರುತು ಈಗಲೂ ಇದೆ.

ಅವನ ಬಲಗೈಯ ಮೂರು ಬೆರಳ ತುದಿಗಳು ಬೆಳ್ಳಗಾಗಿದ್ದವು. ನಲ್ಲಿಯ ಕೆಳಗೆ ಹಿಡಿಸಿ, ವಾರಾಂತ್ಯದ ಡಾಕ್ಟರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ನೀರು, ಆಮೇಲೆ ಪ್ಯಾರಸಿಟಮಾಲ್, ಸೋಮವಾರ ಬಂದು ತೋರಿಸಿ ಎಂದರು.

“ಪ್ಯಾರಸಿಟಮಾಲ್ ಅಂದ್ರಾ?” ಎಂದ. “ಈ ದೇಶದಲ್ಲಿ ತಲೆ ಹೋದ್ರೂ ಪ್ಯಾರಸಿಟಮಾಲೇ.”

ಹೊಗೆ ನೋಡಿ ಪಕ್ಕದ ಮನೆಯವರು ಬಂದರು. ಅವನನ್ನು ಹೊರಗೆ ತಮ್ಮ ಕುರ್ಚಿಯ ಮೇಲೆ ಕೂರಿಸಿ, ಒಂದು ಸಿಗರೇಟು ಸುತ್ತಿದರು. ನಾಲಗೆಯ ತುದಿಯಿಂದ ಕಾಗದ ಅಂಟಿಸಿ ಅವನತ್ತ ಚಾಚಿದರು.

“ನಡುಗುತ್ತಿದ್ದೀಯ. ತಗೋ. ಇದು ಸಿಡಿಯುವುದಿಲ್ಲ.”

ಅವನು ಎಡಗೈಯಲ್ಲಿ ತೆಗೆದುಕೊಂಡ. ವೇಪ್ ಒಳಗೆ ಹಾಗೇ ಇತ್ತು, ಅದಕ್ಕೇನೂ ಆಗಿರಲಿಲ್ಲ. ಆದರೆ ಅದನ್ನು ಕಣ್ಣಿಂದ ದೂರ ಇಡು ಎಂದು ಅವನೇ ಆಗತಾನೆ ಹೇಳಿದ್ದ. ನಾನು ಒದ್ದೆ ಬಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಬೇಡ ಎನ್ನಬೇಕಿತ್ತು. ಒಂದೂವರೆ ವರ್ಷ ಆ ಮಾತನ್ನು ಸಿದ್ಧವಾಗಿಟ್ಟುಕೊಂಡೇ ಕಾದಿದ್ದವಳು ನಾನು. ಆದರೆ ಅವನ ಬೆರಳು ಸುಟ್ಟವಳು ಯಾವ ಬಾಯಲ್ಲಿ ಹೇಳಲಿ? ಅವನು ಸಿಗರೇಟನ್ನು ಮೂಗಿನ ಹತ್ತಿರ ಹಿಡಿದ. ಅವರು ಲೈಟರ್ ಕೊಡಲು ಬಂದರೆ ತಲೆ ಅಲ್ಲಾಡಿಸಿ, ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಅವನಿಗೆ ಮೊಸರನ್ನ ಕಲಸಿ ಕೊಡುವಾಗ ಹೇಳಿದೆ. “ಬ್ಯಾಟರೀನ ಡಬ್ಬಿಗೆ ಹಾಕಿದ್ದು ನಾನು.”

“ಗೊತ್ತು. ಮೆಂತ್ಯದ ಬಾಂಬು ನಮ್ಮನೇಲಿ ಇನ್ಯಾರು ಮಾಡ್ತಾರೆ?”

“ತಮಾಷೆ ಮಾಡ್ಬೇಡ. ನಾನು ಅಲ್ಲಾಡಿಸಿದಾಗ ಸ್ಟೀಲಿಗೆ ತಾಗಿ ಶಾರ್ಟ್ ಆಗಿದೆ. ನಿನ್ನ ಕಣ್ಣಿಗೇ ಹಾರಿದ್ರೆ ಏನ್ಮಾಡ್ಬೇಕಿತ್ತು?”

ಚಮಚ ಕೆಳಗಿಟ್ಟ. “ನಾನೂ ನೋಡಿದ್ದೆ ಕಣೆ. ಬುಧವಾರ ಬಿಸ್ಕತ್ತು ಹುಡುಕ್ತಾ ಆ ಡಬ್ಬಿ ತೆಗೆದಿದ್ದೆ. ಸ್ಟೀಲ್ ಅಲ್ವಾ, ಸೇಫಾಗಿರತ್ತೆ ಅಂದ್ಕೊಂಡು ಮುಚ್ಚಿಟ್ಟೆ. ಎಂಜಿನಿಯರ್ ನಾನು.”

ಅದು ನನಗೆ ಸಮಾಧಾನ ಕೊಡಲಿಲ್ಲ. ಜೇಬಿನಲ್ಲಿ ಸಿಗರೇಟು ಇತ್ತು.

ಭಾನುವಾರ ಅವನು ಸ್ನಾನಕ್ಕೆ ಹೋದಾಗ ಜೇಬು ನೋಡಿದೆ. ಇತ್ತು. ಸೋಮವಾರವೂ ಇತ್ತು, ತುದಿಯಿಂದ ಪುಡಿ ಉದುರುತ್ತಿತ್ತು. ವೇಪ್ ನಾನು ಎತ್ತಿಟ್ಟ ಬೀರುವಿನಲ್ಲೇ ಇತ್ತು, ಅವನು ಕೇಳಲಿಲ್ಲ. ಮಾತುಮಾತಿಗೆ ರೇಗುತ್ತಿದ್ದ, ಲವಂಗ ಅಗಿಯುತ್ತಿದ್ದ. ಬುಧವಾರ ಬೆಳಿಗ್ಗೆ ಜೇಬು ಖಾಲಿ.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಬಂದೆ. ಪಕ್ಕದ ಮನೆಯವರು ಕುರ್ಚಿಯಲ್ಲಿದ್ದರು. ನನ್ನ ಮುಖ ನೋಡಿಯೇ ಇರಬೇಕು, ನಾನು ಕೇಳುವ ಮೊದಲೇ ಹೇಳಿದರು: “ನನಗೇ ವಾಪಸ್ ಕೊಟ್ಟ, ನಿನ್ನೆ ಸಂಜೆ. ಒಣಗಿಹೋಗಿತ್ತು. ಆದರೂ ನಾನು ಸೇದಿದೆ, ಹಾಳುಮಾಡುವುದು ಯಾಕೆ?”

ಅವರ ಮಾತನ್ನು ನಂಬುತ್ತೇನೆ. ಆದರೂ ಸಂಜೆ ಅವನು ಬಂದಾಗ ನನಗೇ ತಿಳಿಯದಂತೆ ಹತ್ತಿರ ಹೋಗಿ ನಿಲ್ಲುತ್ತೇನೆ. ಅವನು ಅದನ್ನು ಗಮನಿಸಿದ್ದಾನೆ. ಈಗ ಬಾಗಿಲಲ್ಲೇ ನಿಂತು, ಏರ್‌ಪೋರ್ಟ್ ತಪಾಸಣೆಯಲ್ಲಿ ನಿಂತವನಂತೆ ಎರಡೂ ಕೈ ಅಗಲಿಸುತ್ತಾನೆ.

“ಹ್ಞೂಂ, ಚೆಕ್ ಮಾಡಿ ಮೇಡಂ.”

ನಾನು ನಗುತ್ತೇನೆ. ನಗುತ್ತಲೇ ಜಾಕೆಟ್ಟಿನ ಕಾಲರಿಗೆ ಮೂಗು ತಾಗಿಸಿ, ನಿಧಾನವಾಗಿ ಮೂಸಿ ನೋಡುತ್ತೇನೆ.