ಕದಲದ ಸ್ಟ್ಯಾಂಡಿಗೆ ಭಾವನ ಮದ್ದು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಗಡಿಯಾರ ರಿಪೇರಿಯಲ್ಲಿ ನಲವತ್ತು ವರ್ಷದ ಅನುಭವ. ಜಂಬಕ್ಕೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ನಲ್ಲಿ ಸೋರಿದರೂ, ಪಕ್ಕದ ಮನೆಯವರಿಗೆ ಮೊಣಕಾಲು ನೋವು ಬಂದರೂ "ಎಲ್ಲಾ ಹಲ್ಲುಚಕ್ರದ ವಿಷಯಾನೇ ಕಣಮ್ಮ" ಎನ್ನುತ್ತಾರೆ. ಅವರು ಕೈಯಿಟ್ಟ ಮಿಕ್ಸಿ ಈಗ ಅಟ್ಟ ಸೇರಿದೆ.

ಇಂಥವರ ಮಗಳು ಕಾಲೇಜಿನ ಲ್ಯಾಬಿನಲ್ಲಿ ಮೂರು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲಿದ್ದಾಳೆ. ಅಲ್ಲೊಂದು ಟೆಲಿಸ್ಕೋಪ್ ಇದೆ. ಅದನ್ನು ಹೊತ್ತ ಮೋಟಾರಿನ ಸ್ಟ್ಯಾಂಡು ನಕ್ಷತ್ರ ಸರಿದಂತೆ ತಾನೂ ಸರಿಯಬೇಕು. ಅದು ಕದಲುತ್ತಲೇ ಇಲ್ಲವೆಂದು ಎಲ್ಲರೂ ಕೈಬಿಟ್ಟಿದ್ದರು. "ಸೋಮವಾರ ಇದನ್ನ ಓಡಿಸಿ ತೋರಿಸು, ನಿನ್ನ ಕೆಲಸ ಕಾಯಂ ಮಾಡೋಕೆ ನಾನು ಬರೀತೀನಿ" ಎಂದರಂತೆ ಅವಳ ವಿಭಾಗದ ಹೆಡ್ಡು. ಹುಡುಗಿ ಸ್ಟ್ಯಾಂಡನ್ನು ಮನೆಗೇ ಹೊತ್ತು ತಂದಳು.

ಅವಳು ಅಪ್ಪನಂತಲ್ಲ. ಮೊದಲು ವೈರು ನೋಡಿದಳು, ಆಮೇಲೆ ಬ್ಯಾಟರಿ. ಮೋಟಾರು ಗುಂಯ್ ಎನ್ನುತ್ತಿತ್ತು. ಚಕ್ರವನ್ನು ಹಿಡಿದಿಡುವ ತಿರುಪು ಮಾತ್ರ ಸಡಿಲವಾಗಿತ್ತು, ಬಿಗಿ ಮಾಡಿದಳು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಿನ ಬುಡಕ್ಕೆ ಕಾಗದದ ಪಟ್ಟಿ ಅಂಟಿಸಿ, ತಿರುಗುವ ಭಾಗದ ಮೇಲಿದ್ದ ಬಾಣದ ಗುರುತಿಗೆ ಸರಿಯಾಗಿ ಕಪ್ಪು ಗೆರೆ ಎಳೆದು ಸ್ವಿಚ್ ಹಾಕಿದಳು.

"ಚಿಕ್ಕಮ್ಮಾ, ಇದು ದಿನಕ್ಕೆ ಒಂದೇ ಸುತ್ತು. ತಿರುಗೋದು ಕಣ್ಣಿಗೆ ಕಾಣಲ್ಲ. ಮಧ್ಯಾಹ್ನ ಬಂದು ಬಾಣ ಎಲ್ಲಿದೆ ನೋಡ್ತೀನಿ. ಅಲ್ಲೀತನಕ ಯಾರೂ ಮುಟ್ಟೋದು ಬೇಡ" ಎಂದು ಹೇಳಿ, ಅಕ್ಕನನ್ನು ಕರೆದುಕೊಂಡು ಪೇಟೆಗೆ ಹೋದಳು.

ಹತ್ತೂವರೆಗೆ ಭಾವ ಸ್ನಾನ ಮುಗಿಸಿ ಬಂದು ಅದರ ಮುಂದೆ ಎರಡು ನಿಮಿಷ ನಿಂತರು. ಎರಡೇ ನಿಮಿಷ!

"ಸತ್ತಿದೆ ಇದು."

"ಭಾವ, ಅದು ಬಹಳ ನಿಧಾನವಂತೆ. ಮುಟ್ಟಬೇಡಿ ಅಂತ ಹೇಳಿ ಹೋಗಿದ್ದಾಳೆ."

"ನಿಂಗೇನು ಗೊತ್ತು? ಮೋಟಾರು ಒದ್ದಾಡ್ತಾ ಇದೆ, ಚಕ್ರ ಕಚ್ಕೊಂಡಿದೆ. ಅವಳು ಬರೋಷ್ಟರಲ್ಲಿ ಓಡಿಸಿಡ್ತೀನಿ ನೋಡು."

ದಿನಕ್ಕೆರಡು ಸುತ್ತು ಹಾಕುವ ಗಂಟೆಮುಳ್ಳನ್ನು ನಲವತ್ತು ವರ್ಷ ನೋಡಿದ ಮನುಷ್ಯ ಇವರು! ಅದು ಕಣ್ಣೆದುರು ಕದಲಲಿಲ್ಲವೆಂದು ಒಂದು ಗಡಿಯಾರವನ್ನಾದರೂ ಸತ್ತಿದೆ ಎಂದಿದ್ದಾರೆಯೇ? ಅದರ ಅರ್ಧ ವೇಗದ್ದು ಮನೆಗೆ ಬಂದಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಕಾಣೆ.

ಏನನ್ನೇ ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳುವುದು ಅವರ ಅಂಗಡಿಯ ಅಭ್ಯಾಸ, ಮತ್ತೆ ಜೋಡಿಸುವಾಗ ಜಾಗ ತಪ್ಪಬಾರದೆಂದು. ಹಾಗೆಯೇ ಕೆಂಪು ಪೆನ್ಸಿಲ್ ತೆಗೆದು, ಬಾಣ ಆಗ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಅದೇ ಕಾಗದದ ಮೇಲೆ ಗೆರೆ ಎಳೆದರು. ಆಮೇಲೆ ಹಿತ್ತಾಳೆ ಚಕ್ರ ಹೊರಬಂತು, ಅದಕ್ಕೆ ಸೀಮೆಎಣ್ಣೆ ಸ್ನಾನವಾಯಿತು. "ಬಹಳ ಬಿಗಿ ಇದೆ" ಎನ್ನುತ್ತಾ ಹಲ್ಲುಗಳನ್ನು ಅರದಿಂದ ಉಜ್ಜಿದರು. ಬೇಡ ಬೇಡ ಎಂದು ನಾನು ಬಾಯಿ ಬಡಿದುಕೊಂಡಿದ್ದೇ ಬಂತು.

ಹನ್ನೆರಡಕ್ಕೆ ಹುಡುಗಿ ಬಂದಳು. ಜೋಡಿಸಿಟ್ಟ ಸ್ಟ್ಯಾಂಡು ಮುಟ್ಟಿದರೆ ಲಟಲಟ ಅಲ್ಲಾಡುತ್ತಿತ್ತು. ಮೋಟಾರು ತಿರುಗುತ್ತಿತ್ತು, ಸವೆದ ಹಲ್ಲುಗಳು ಹಿಡಿಯುತ್ತಿರಲಿಲ್ಲ. ಅವಳು ಅಳಲಿಲ್ಲ. ಕಾಗದದ ಪಟ್ಟಿಯನ್ನು ಕಿತ್ತು ಅಪ್ಪನ ಮುಂದೆ ಹಿಡಿದಳು.

"ಕಪ್ಪು ಗೆರೆ ನಂದು, ಒಂಬತ್ತು ಗಂಟೇದು. ಈ ಕೆಂಪು?"

"ನಂದೇ. ಬಿಚ್ಚೋ ಮುಂಚೆ ಹಾಕಿದ್ದು."

ಎರಡರ ನಡುವೆ ಒಂದು ಬೆರಳಿನಷ್ಟು ಅಂತರ. ಭಾವ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅದು ಓಡುತ್ತಿದೆ ಎಂದು ತಮ್ಮ ಕೈಯಾರೆ ಗುರುತು ಹಾಕಿ, ಆಮೇಲೆ ಅದನ್ನು ಕೊಂದಿದ್ದರು ಮಹಾನುಭಾವರು.

ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಚಕ್ರದ ಹಲ್ಲು ಕೊಟ್ಟಾಗಲೇ ಸವೆದಿತ್ತು ಅಂತ ನಿಮ್ಮ ಹೆಡ್ಡಿಗೆ ಹೇಳು" ಎಂದರು. ಥೂ, ಇವರ ಜನ್ಮಕ್ಕಿಷ್ಟು!

"ಸುಳ್ಳು ಹೇಳಲ್ಲಪ್ಪಾ" ಎಂದಳು ಮಗಳು. "ಕೆಲಸ ಹೋದ್ರೆ ಹೋಗ್ಲಿ. ನಮ್ಮಪ್ಪನೇ ಬಿಚ್ಚಿ ಹಾಳು ಮಾಡಿದ್ರು ಅಂತೀನಿ. ಅವರು ಗಡಿಯಾರ ರಿಪೇರಿ ಮಾಡೋರು ಅಂತ ಮಾತ್ರ ಹೇಳಲ್ಲ."