ಗೋಡೆಯಾಚೆ ಕೇಳಿದ ಕೊಕ್ಕರೆ ಕಥೆ

ಕೊಕ್ಕರೆಯ ಕಥೆಯನ್ನು ನನಗೆ ನನ್ನಜ್ಜಿ ಹೇಳಲಿಲ್ಲ. ಅದನ್ನು ನಾನು ಗೋಡೆಗೆ ಕಿವಿಯಿಟ್ಟು ಕದ್ದು ಕೇಳಿದ್ದು. ನನ್ನ ಬ್ಲಾಗಿನ ಹಳೆಯ ಓದುಗರು ಯಾರಾದರೂ ಇದನ್ನು ಓದುತ್ತಿರಬಹುದು — ‘ಎಂಥಾ ಅಜ್ಜಿ ನಿಮ್ಮದು, ಪುಣ್ಯವಂತೆ ನೀವು’ ಎಂದು ಬರೆದವರು — ಅವರೆದುರು ಮೊದಲು ಇಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ. ನನ್ನ ನಿಜವಾದ ಅಜ್ಜಿ ನವುಲೆಯಲ್ಲಿದ್ದರು. ಅವರು ನನ್ನನ್ನು ಕೇಳಿದ್ದು ‘ಉಂಡ್ಯಾ?’ ಎಂದು, ಹೇಳಿದ್ದು ‘ಬಾಗ್ಲು ಹಾಕ್ಕೊಂಡು ಹೋಗು’ ಎಂದು. ಕಥೆಗಿಥೆ ಅವರಿಗೆ ಆಗಿಬರುತ್ತಿರಲಿಲ್ಲ.

ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎರಡು ಮನೆಗೆ ಒಂದೇ ನಡುಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು. ಗೋಡೆಯಾಚೆ ಸೆಲ್ವಕ್ಕ ಇದ್ದರು. ಮಗಳು ಉಮಾ ಊಟಕ್ಕೆ ಹಟ ಹಿಡಿದರೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕಥೆ ಹೇಳಿ ತುತ್ತು ಇಳಿಸುತ್ತಿದ್ದರು. ಭದ್ರಾ ಹೊಳೆಯಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಇನ್ನೇನು ಮೀನು ಕೊಕ್ಕಿಗೆ ಸಿಗಬೇಕು, ಕಾರ್ಖಾನೆಯ ಸೈರನ್ ಕೂಗುತ್ತದೆ. ಪಾಳಿ ಮುಗಿಯಿತೆಂದು ಕೊಕ್ಕರೆ ಬರಿಹೊಟ್ಟೆಯಲ್ಲಿ ಮನೆಗೆ ಹಾರುತ್ತದೆ. ‘ನಿಂಗೇನು ಅಲ್ಲಿ ಸಂಬಳ ಕೊಡ್ತಾರೇನೋ?’ ಎಂದು ಹೆಂಡತಿ ಕೊಕ್ಕರೆ ಬೈಯುವಾಗ ಆ ಕಡೆ ಉಮಾ ನಗುತ್ತಿದ್ದಳು, ಈ ಕಡೆ ಕಾಲೇಜಿಗೆ ಹೋಗುವ ಕತ್ತೆಯಂಥ ನಾನು ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದೆ. ಬಾಗಿಲು ತಟ್ಟಿ ಕೇಳಿದ್ದರೆ ಸೆಲ್ವಕ್ಕ ಕೂರಿಸಿಕೊಂಡು ಹೇಳುತ್ತಿದ್ದರು. ಆದರೆ ಕದ್ದು ಕೇಳುವುದರ ರುಚಿಯೇ ಬೇರೆ — ಊರವರ ವಿಷಯದಲ್ಲಿ ಮೂಗು ತೂರಿಸುವ ಚಪಲ ನನಗೆ ಆಗಲೂ ಇತ್ತು, ಈಗಲೂ ಹೋಗಿಲ್ಲ.

ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದ ಕೆಲವು ವರ್ಷಗಳ ಮೇಲೆ ಬ್ಲಾಗ್ ಶುರುಮಾಡಿದೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡುವುದೇ ಆಗ ಒಂದು ಸೋಜಿಗ. ತಿಂಗಳಿಗೊಮ್ಮೆ ಭದ್ರಾವತಿಗೆ ಹೋಗಿ ಬೀದಿ ಬೀದಿ ಸುತ್ತಿ ಸುದ್ದಿ ತರುತ್ತಿದ್ದೆ: ಯಾರು ರಿಟೈರಾದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಹೊಳೆಯ ನೀರು ಸೇತುವೆಯ ಮೇಲೆ ಬಂತೋ ಇಲ್ಲವೋ. ಕೊನೆಗೊಂದು ಕಥೆ. ‘ನಮ್ಮಜ್ಜಿ ಹೇಳಿದ್ದು’ ಎಂದು ಮೇಲೆ ಹಾಕಿದರೆ ಓದುವವರು ಕರಗಿಹೋಗುತ್ತಿದ್ದರು, ಅದು ನನಗೆ ಬೇಗ ತಿಳಿಯಿತು. ಅಜ್ಜಿ ತೀರಿಕೊಂಡಾಗಿತ್ತು, ಇಲ್ಲವೆನ್ನಲು ಯಾರೂ ಇರಲಿಲ್ಲ. ಹಾಗೆ ಒಂದು ತಿಂಗಳು ಕೊಕ್ಕರೆಯೂ ಅಜ್ಜಿಯದಾಯಿತು.

ಅದಾಗಿ ಕೆಲವೇ ದಿನಕ್ಕೆ ಸೆಲ್ವಕ್ಕ ನಮ್ಮ ಮನೆಗೆ ಬಂದರು. ಒಬ್ಬರೇ, ಬಸ್ಸಿನಲ್ಲಿ, ವಿಳಾಸ ಕೇಳಿಕೊಂಡು. ಉಮಾ ಮಾಚೇನಹಳ್ಳಿಯ ಯಾವುದೋ ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ನನ್ನ ಬ್ಲಾಗು ಓದಿ ಅಮ್ಮನಿಗೆ ಹೇಳಿದ್ದಳಂತೆ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಸೆಲ್ವಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೇನೋ ಇತ್ತು.

“ಗೀತಾ, ಆ ಕಥೆ ನಿಮ್ಮಜ್ಜಿಗೆ ಯಾರು ಹೇಳಿದ್ದು? ಅದು ಊರ ಕಥೆ ಅಲ್ಲ ಮಾರಾಯ್ತಿ, ನಮ್ಮಮ್ಮ ಕಟ್ಟಿದ್ದು. ನಂಗೆ, ನನ್ ತಂಗಿ ಕನಕಂಗೆ — ಇಬ್ರಿಗೇ ಹೇಳಿದ್ದು.”

ಕನಕ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ. ಮನೆಯವರು ಒಪ್ಪದವನನ್ನು ಕಟ್ಟಿಕೊಂಡು ಬಂದು ನಿಂತಾಗ ಅಮ್ಮ ಬಾಗಿಲು ತೆರೆಯಲಿಲ್ಲವಂತೆ. ಹೋದವಳು ಹೋದಳು; ಎಲ್ಲಿದ್ದಾಳೆಂದು ಗೊತ್ತಿಲ್ಲ. ಅಮ್ಮ ಈಗ ಹಾಸಿಗೆ ಹಿಡಿದು ಅವಳ ಹೆಸರನ್ನೇ ಕರೆಯುತ್ತಾರಂತೆ.

“ಉಮಾ ಅಂದ್ಳು, ಗೀತಕ್ಕ ನಮ್ಮನೇಲೇ ಕೇಳಿರ್ಬೇಕಮ್ಮಾ ಅಂತ. ನಾನು ಬೈದೆ. ಅವ್ಳು ಅಜ್ಜಿ ಹೇಳಿದ್ದು ಅಂತ ಬರ್ದಿದಾಳೆ, ಓದಿದ ಹುಡ್ಗಿ, ಯಾಕೆ ಸುಳ್ಳು ಬರೀತಾಳೆ ಅಂದೆ. ಕನಕ ಯಾರಿಗೋ ಹೇಳಿದಾಳೆ, ಅವ್ರಿಂದ ನಿಮ್ಮಜ್ಜಿಗೆ ಬಂದಿದೆ. ಅಮ್ಮನ ಕಥೆ ಹೇಳ್ತಾ ಇದಾಳೆ ಅಂದ್ರೆ ಅಮ್ಮನ ಮೇಲೆ ಸಿಟ್ಟಿಲ್ಲ ಅಂತ ತಾನೆ?”

ಆಗ ಒಂದು ಮಾತು ಸಾಕಿತ್ತು. ‘ಉಮಾ ಹೇಳಿದ್ದೇ ನಿಜ’ — ಅಷ್ಟೇ. ನಾನೇನು ಮಾಡಿದೆ? ಹೇಳಲು ನಾಚಿಕೆಯಾಗುತ್ತದೆ, ನಾಚಿಕೆಗಿಂತ ಮೊದಲು ನನ್ನಲ್ಲಿ ಎದ್ದದ್ದು ಕುತೂಹಲ. ಕನಕ ನೋಡಲು ಹೇಗಿದ್ದಳು, ಹುಡುಗ ಯಾರು, ಆ ದಿನ ಅಮ್ಮ ಏನೆಂದರು — ಕಾಫಿ ಕೊಟ್ಟು, ಕೆದಕಿ ಕೆದಕಿ ಕೇಳಿದೆ. ಎಲ್ಲ ಹೇಳಿ ಮುಗಿಸಿ ಅವರು ಮತ್ತೆ ನನ್ನ ಮುಖ ನೋಡಿದಾಗ ನಾಲಿಗೆ ತಾನಾಗಿಯೇ ಹೊರಳಿತು: “ತರೀಕೆರೆ ಸಂತೇಲಿ ತರಕಾರಿ ಮಾರೋ ಹೆಂಗಸು ಯಾರೋ ಹೇಳಿದ್ರಂತೆ, ಸೆಲ್ವಕ್ಕ.” ಬರೀ ‘ಯಾರೋ’ ಎಂದಿದ್ದರೂ ಆಗುತ್ತಿತ್ತು. ಕಥೆ ಹೇಳಿ ಹೇಳಿ ಕೆಟ್ಟ ಬಾಯಿ, ಸುಳ್ಳಿಗೂ ಒಂದು ಊರು ಬೇಕೆನಿಸಿತು. ಸೆಲ್ವಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು.

ಅವರು ಸಂತೆಗೆ ಹೋಗತೊಡಗಿದರು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಉಮಾ ಹೇಳಿದಳು: “ಅಮ್ಮ ವಾರವಾರ ತರೀಕೆರೆಗೆ ಹೋಗ್ತಾರೆ ಅಕ್ಕ. ತರಕಾರಿಯೋರ ಹತ್ರ ಕೂತು ಅರ್ಧ ಕಥೆ ಹೇಳಿ ನಿಲ್ಲಿಸ್ತಾರೆ. ಮಿಕ್ಕಿದ್ದನ್ನ ಯಾರಾದ್ರೂ ಹೇಳ್ತಾರಾ ಅಂತ ಕಾಯ್ತಾರೆ.” ಆಗಲೂ ನಾನು ಕೇಳಿದ್ದೇನು ಗೊತ್ತೇ? “ಯಾರಾದ್ರೂ ಹೇಳಿದ್ರಾ?” ಎಂದು! ಆ ತಿಂಗಳು ಊರಿನ ಸುದ್ದಿಯಲ್ಲಿ ಹೊಸ ಬೇಕರಿಯ ಬಗ್ಗೆ ಬರೆದೆ, ಸೆಲ್ವಕ್ಕನ ಬಗ್ಗೆ ಬರೆಯಲಿಲ್ಲ.

ವರ್ಷಗಳು ಕಳೆದವು. ಬ್ಲಾಗು ನಿಂತುಹೋಯಿತು. ಸೆಲ್ವಕ್ಕನ ಅಮ್ಮ ತೀರಿಕೊಂಡ ಸುದ್ದಿ ತಡವಾಗಿ ಗೊತ್ತಾಯಿತು; ಹೋಗಲಿಲ್ಲ — ಹೇಗೆ ಹೋಗಲಿ? ಮೊನ್ನೆ ಉಮಾ ಫೋನು ಮಾಡಿದಳು. ಸೆಲ್ವಕ್ಕನಿಗೆ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ. ‘ನನ್ನ ಬದಲು ಸಂತೆಗೆ ನೀನು ಹೋಗು’ ಎಂದು ಮಗಳನ್ನು ಪೀಡಿಸುತ್ತಿದ್ದಾರಂತೆ. “ಆ ಹೆಂಗಸಿನ ಗುರುತು ಏನಾದ್ರೂ ನೆನಪಿದ್ಯಾ ಅಕ್ಕ?” ಎಂದಳು. ನನ್ನ ಸುಳ್ಳನ್ನು ಹೊರಲು ಇನ್ನೊಬ್ಬಳು ಸಿದ್ಧಳಾಗಿದ್ದಳು. ಮರುದಿನ ಬೆಳಿಗ್ಗೆಯೇ ಭದ್ರಾವತಿಗೆ ಹೋದೆ.

ಸೆಲ್ವಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. “ಏನೇ, ಊರು ಮರ್ತೇ ಹೋಯ್ತಾ ನಿಂಗೆ!” ಎಂದು ನಕ್ಕರು. ನಾನು ಕೂರಲಿಲ್ಲ. ಗೋಡೆ, ಅಜ್ಜಿ, ಸಂತೆ — ಎಲ್ಲವನ್ನೂ ನಿಂತೇ ಹೇಳಿದೆ. ಬೈಯಲಿ, ಆಚೆಗೆ ನಡಿ ಎನ್ನಲಿ ಎಂದು ಕಾದೆ. ಅವರ ಕೈ ಮಾತ್ರ ನಿಂತಿತು.

“ಹಂಗಾದ್ರೆ ಕನಕ ಯಾರಿಗೂ ಹೇಳಿಲ್ಲ?”

“ನಂಗೊತ್ತಿಲ್ಲ, ಸೆಲ್ವಕ್ಕ. ನಂಗಂತೂ ಅವ್ರಿಂದ ಬಂದಿದ್ದಲ್ಲ.”

ಅವರು ಮಡಿಲಲ್ಲಿದ್ದ ಅವರೆಕಾಯಿಯನ್ನು ನೆಲಕ್ಕಿಳಿಸಿದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವವರಂತೆ ಅಂದರು:

“ಅಮ್ಮ ಹೋಗೋವಾಗ ಅವ್ಳ ಕಿವೀಲಿ ಹೇಳ್ದೆ, ಕನಕಂಗೆ ನಿನ್ ಮೇಲೆ ಸಿಟ್ಟಿಲ್ಲ ಅಂತ. ಗೊತ್ತಿದ್ದೇ ಹೇಳ್ತಿದೀನಿ ಅಂದ್ಕೊಂಡಿದ್ದೆ.”

ಹೇಗೂ ಆ ಮುದುಕಿ ತಾಯಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳಲ್ಲ — ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಮನಸ್ಸು ಮೆಲ್ಲಗೆ ಇದನ್ನು ನನ್ನ ಮುಂದಿಟ್ಟಿತು. ಆ ಸಮಾಧಾನವನ್ನು ನಾನು ಮುಟ್ಟುವುದಿಲ್ಲ. ಸತ್ತವಳಿಗೆ ಹೇಳಿದ್ದನ್ನು ಸೆಲ್ವಕ್ಕ ಇನ್ನು ಹಿಂದಕ್ಕೆ ತೆಗೆದುಕೊಳ್ಳಲಾರರು.